ಯಾರ ಕಡೆಯ ಮೇಷ್ಟ್ರು?

ಶಾಲೆಯ ಆಯಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆಯೇ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೆ ಬರುವವರಿದ್ದರು. ಹೆಡ್ ಮೇಷ್ಟ್ರಿಗೆ ಮೊದಲು ಕಣ್ಣು ತುಂಬಿತು. ಆಮೇಲೆ ಅನುಮಾನ ಬಂತು. ಸಾಯುವುದಕ್ಕೆ ಇವತ್ತೇ ಆಗಬೇಕಾಗಿತ್ತೇ?

ಅನುಮಾನ ಅವರ ಹುಟ್ಟುಗುಣ. ಗಡಿಯಾರ ಸರಿಯಾದ ಹೊತ್ತು ತೋರಿಸಿದರೂ ಇದು ಏನನ್ನೋ ಮುಚ್ಚಿಡುತ್ತಿದೆ ಎಂದು ದುರುಗುಟ್ಟಿ ನೋಡುವ ಆಸಾಮಿ.

ಆ ಪುಟ್ಟ ಸರ್ಕಾರಿ ಶಾಲೆಗೆ ಮಕ್ಕಳನ್ನು ಕೂಡಿಸಿದವರೇ ಆಯಮ್ಮ. ಇಟ್ಟಿಗೆ ಗೂಡಿನವರ ಮಕ್ಕಳು, ದರ್ಜಿಗಳ ಮಕ್ಕಳು, ಮೀನುಗಾರರ ಮಕ್ಕಳು. ಅವರ ಮನೆಮಾತು ಒಂದೊಂದು, ದೇವರನ್ನು ಕರೆಯುವ ಹೆಸರೂ ಒಂದೊಂದು. ಆಯಮ್ಮ ಆ ಮನೆಗಳಿಗೆ ಹೋಗಿ ಅವರವರ ಮಾತಿನಲ್ಲಿ ಏನೋ ಪಿಸುಗುಟ್ಟಿ ಬರುತ್ತಿದ್ದರು. ಮರುದಿನ ಮಕ್ಕಳು ಬಂದು ಕೂರುತ್ತಿದ್ದವು. ಏನು ಪಿಸುಗುಟ್ಟಿದಿರಿ ಎಂದು ಮೇಷ್ಟ್ರು ಕೇಳಿದರೆ, ನಿಮಗ್ಯಾಕೆ, ಪಾಠ ಮಾಡಿ ಎನ್ನುತ್ತಿದ್ದರು.

ಸಣ್ಣ ಶಾಲೆಗಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸಬೇಕೆಂದು ಈಗ ಹುಕುಂ ಬಂದಿತ್ತು. ಉಳಿಸುವುದೋ ಮುಚ್ಚುವುದೋ, ಸಾಹೇಬರು ಹೇಳಿದಂತೆ. ಮುಚ್ಚಿದರೆ ಪುಟ್ಟ ಮಕ್ಕಳು ಲಾರಿಗಳ ನಡುವೆ ರಸ್ತೆ ದಾಟಬೇಕು. ಅರ್ಧಕ್ಕರ್ಧ ಮನೆಯಲ್ಲೇ ಉಳಿಯುತ್ತವೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ಗಂಟೆ ಬಾರಿಸಿದರು. ಒಂದು ಮಗುವೂ ಬರಲಿಲ್ಲ. ಬೆಂಚುಗಳು ಸೋತ ಪಕ್ಷದ ಸಭೆಯ ಕುರ್ಚಿಗಳ ಹಾಗೆ ಖಾಲಿ ಬಿದ್ದಿದ್ದವು. ಎದುರಿನ ಖಾಸಗಿ ಶಾಲೆಯವನೇ ಮಕ್ಕಳನ್ನು ಹೊಡೆದುಕೊಂಡು ಹೋದ ಎಂದುಕೊಂಡು ಮೇಷ್ಟ್ರು ಬೀಗ ಜಡಿದು ಮಕ್ಕಳ ಮನೆಗಳ ಕಡೆ ಹೊರಟರು.

ಇಟ್ಟಿಗೆ ಗೂಡಿನ ಅಜ್ಜ ಮಣ್ಣಿನ ಕೈಯಲ್ಲೇ ಅವರನ್ನು ತಬ್ಬಿಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳಿ ಅತ್ತ. ಮಕ್ಕಳೆಲ್ಲಿ ಎಂದರೆ, ಆಗಲೇ ಕಳಿಸಿದ್ದಾಯಿತು, ನಿಮಗೂ ಹೇಳಬೇಕೇ ಎಂದ. ಎದುರಿನ ಶಾಲೆಗೇ ಎಂದುಕೊಂಡು ಮೇಷ್ಟ್ರು ದರ್ಜಿಯ ಅಂಗಡಿಗೆ ನಡೆದರು.

ದರ್ಜಿ ಅತ್ತಿತ್ತ ನೋಡಿ, ಅವರ ಅಂಗಿಯ ಕಾಲರು ನೆಟ್ಟಗೆ ಮಾಡಿ, ಕಿವಿಯಲ್ಲಿ ಹೇಳಿದ: "ಹೆದರಬೇಡಿ ಭಾವ. ಗುಟ್ಟು ನನ್ನ ಹೊಟ್ಟೇಲೇ ಇರುತ್ತೆ."

ಭಾವನಂತೆ! ನಾನು ಇವನಿಗೆ ಯಾವ ಸೀಮೆಯ ಭಾವ? ಮಗಳನ್ನು ಎದುರಿನ ಶಾಲೆಗೆ ಸೇರಿಸಿ ನನಗೆ ಬೆಣ್ಣೆ ಹಚ್ಚುತ್ತಿದ್ದಾನೆ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮಕ್ಕಳ ಸಾಲೊಂದು ಕಾಣಿಸಿತು. ಮೇಷ್ಟ್ರು ಕಳ್ಳಬೆಕ್ಕಿನ ಹಾಗೆ ತರಕಾರಿ ಗಾಡಿಯ ಮರೆಯಲ್ಲಿ ಹಿಂಬಾಲಿಸಿದರು.

ಸಾಲು ಹೋಗಿ ನಿಂತದ್ದು ಆಯಮ್ಮನ ಅಂಗಳದಲ್ಲಿ. ಚಾಪೆಯ ಮೇಲೆ ಆಯಮ್ಮ. ಸುತ್ತ ಶಾಲೆಯ ಮಕ್ಕಳೆಲ್ಲ ಸದ್ದಿಲ್ಲದೆ ಕೂತಿದ್ದವು. ಶಾಲೆಗೆ ಬೀಗ ಕಂಡು ಇಲ್ಲಿಗೇ ಬಂದ ಸಾಹೇಬರೂ ಮೂಲೆಯಲ್ಲಿ ನಿಂತಿದ್ದರು. ತಮ್ಮ ಅನುಮಾನಕ್ಕೆ ತಾವೇ ನಾಚಿ ಮೇಷ್ಟ್ರು ತಲೆ ತಗ್ಗಿಸಿದರು.

ಪ್ರಾರ್ಥನೆ ಯಾರು ಹೇಳುವುದು ಎಂಬ ಮಾತು ಬಂತು.

"ಮೇಷ್ಟ್ರೇ ಹೇಳಲಿ. ಅವರು ನಮ್ಮೋರು," ಎಂದ ಹಿಂದೆಯೇ ಬಂದಿದ್ದ ಗೂಡಿನ ಅಜ್ಜ.

"ನಿಮ್ಮೋರಾ? ನನ್ನ ಹೆಂಡತಿ ಊರಿನವರು ಕಣಯ್ಯಾ," ಎಂದ ದರ್ಜಿ.

ಮೀನಿನ ಬುಟ್ಟಿ ಕೆಳಗಿಟ್ಟು ಬಂದ ಹೆಂಗಸು ಇಬ್ಬರನ್ನೂ ಸರಿಸಿದಳು. "ಬಾಯ್ಮುಚ್ಚಿ ಇಬ್ರೂ. ಇವನು ನಮ್ಮ ದೋಣಿ ಜನ. ನೀರು ಕಂಡ್ರೆ ಹೆದರ್ತಾನೆ ಅಂತ ಓದಿಗೆ ಹಾಕಿದ್ರು."

ಆಯಮ್ಮ ಪಿಸುಗುಟ್ಟಿದ್ದು ಏನೆಂದು ಮೇಷ್ಟ್ರಿಗೆ ಈಗ ಹೊಳೆಯಿತು: ಮೇಷ್ಟ್ರು ನಿಮ್ಮ ಕಡೆಯವರೇ, ಮಗುವನ್ನು ತಮ್ಮದೇ ಎಂಬಂತೆ ನೋಡಿಕೊಳ್ಳುತ್ತಾರೆ, ಹೊರಗೆ ಬಾಯಿ ಬಿಟ್ಟರೆ ಅವರ ನೌಕರಿಗೆ ತೊಂದರೆ. ಎಲ್ಲ ಮನೆಯಲ್ಲೂ ಇದೇ ಮಾತು.

"ನಿಜ ಹೇಳಿ ಮೇಷ್ಟ್ರೇ," ಎಂದ ಅಜ್ಜ. "ನೀವು ಯಾರ ಕಡೆಯವರು? ನಮ್ಮೋರಲ್ಲ ಅಂದ್ರೆ ನಮ್ಮ ಮಕ್ಕಳು ನಾಳೆಯಿಂದ ಬರಲ್ಲ."

ಒಬ್ಬರ ಹೆಸರು ಹೇಳಿದರೆ ಉಳಿದವರ ಮಕ್ಕಳು ಹೋದಂತೆಯೇ. ಮೇಷ್ಟ್ರು ಆಯಮ್ಮನ ಮುಖ ನೋಡಿದರು.

"ನಾನು ಆಯಮ್ಮನ ಕಡೆಯವನು. ಬೇರೆ ಯಾರ ಕಡೆಯವನೂ ಅಲ್ಲ."

ಮೀನಿನವಳು ಸೆರಗಿನಿಂದ ಮೂಗೊರೆಸಿಕೊಂಡು, ಹಾಗಾದರೆ ನಮ್ಮವನೇ ಆದ, ಮಕ್ಕಳನ್ನು ಕಳಿಸುತ್ತೇನೆ ಎಂದಳು. ಉಳಿದಿಬ್ಬರೂ, ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಲೇ, ತಲೆಯಾಡಿಸಿದರು. ಮೇಷ್ಟ್ರ ಹೆಗಲ ಮೇಲಿನ ಭಾರ ಇಳಿಯಿತು.

ಆಗ ಸಾಹೇಬರು ಹತ್ತಿರ ಬಂದು ಅವರ ತೋಳು ಹಿಡಿದರು. ಮುಖ ಒಡೆದ ಹಾಲಿನಂತಾಗಿತ್ತು.

"ಬೇರೆ ಯಾರ ಕಡೆಯವರೂ ಅಲ್ವೇನ್ರಿ? ನೀವು ನಮ್ಮ ಕಡೆಯವರು ಅಂತ ಆಯಮ್ಮ ನನ್ನ ಹತ್ರ ಹೇಳಿದ್ರಲ್ಲ. ಅದನ್ನ ನಂಬಿ ಶಾಲೆ ಉಳಿಸೋಣ ಅಂತ ಬರೆದಿಟ್ಟಿದ್ದೆ. ಇನ್ನು ಅದನ್ನ ಹರಿದು ಹಾಕಬೇಕು."

ಸಾಹೇಬರು ಜೀಪು ಹತ್ತಿದರು. ಅಂಗಳದವರೆಲ್ಲ ಪ್ರಾರ್ಥನೆಗೆ ಕಾದು ಮೇಷ್ಟ್ರ ಬಾಯನ್ನೇ ನೋಡುತ್ತಿದ್ದರು. ಅವರು ಕೈ ಮುಗಿದರು.

"ಭಗವಂತಾ, ಇಷ್ಟು ಮನೆಗಳ ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ ಜೀವ ಇದು. ಅದಕ್ಕಾಗಿ ಹೇಳಿದ ಸುಳ್ಳುಗಳನ್ನು ಮನಸ್ಸಿಗೆ ತಂದುಕೊಳ್ಳಬೇಡ. ಈ ತಾಯಿಯ ಆತ್ಮಕ್ಕೆ ಶಾಂತಿ ಕೊಡು."