ಮೈದಾ ಅಂಟಿನ ಕೋಟೆ

ಹುಟ್ಟಿದ ಊರು ಕೊಡುವ ಧೈರ್ಯವನ್ನು ನಂಬಬಾರದು. ನಾನು ಚಿತ್ರದುರ್ಗದವನು. ಕೋಟೆಯ ಬುಡದಲ್ಲಿ ಬೆಳೆದವನಿಗೆ ಕೋಟೆ ಕಟ್ಟಲೂ ಬರುತ್ತದೆಂದು ತಿಳಿದಿದ್ದೆ. ಹೊಳೆಯ ದಡದಲ್ಲಿ ಬೆಳೆದವರಿಗೆಲ್ಲ ಈಜು ಬರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಮ್ಮ ಮನೆ ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ. ಮಗಳು ಮೇಘಾಳಿಗೆ ಆಗ ಹನ್ನೊಂದು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ, ಅದೂ ಕೋಣೆಯ ಮುಚ್ಚಿದ ಬಾಗಿಲ ಆಚೆಯಿಂದ. ಅಂಥವಳು ಒಂದು ಶುಕ್ರವಾರ ಸಂಜೆ ತಾನಾಗಿ ಅಡುಗೆಮನೆಗೆ ಬಂದು, "ಅಪ್ಪ, ನಿಂಗೆ ಕೋಟೆ ಕಟ್ಟೋಕೆ ಬರುತ್ತಾ?" ಎಂದಳು. ಸೋಮವಾರ ಶಾಲೆಗೆ ಮಧ್ಯಯುಗದ ಯುರೋಪಿನ ಕೋಟೆಯ ಮಾದರಿ ಒಯ್ಯಬೇಕಿತ್ತು. ಕೇಳಿದ್ದು ಕನ್ನಡದಲ್ಲಿ, ವಿಮಾನ ಕಟ್ಟೋಕೆ ಬರುತ್ತಾ ಎಂದಿದ್ದರೂ ಹೂಂ ಎನ್ನುತ್ತಿದ್ದೆ.

ಶನಿವಾರವೆಲ್ಲ ಗ್ಯಾರೇಜಿನಲ್ಲಿ ಕೂತೆವು. ಸೀರಿಯಲ್ ಡಬ್ಬಗಳ ಗೋಡೆ, ಪೇಪರ್ ಟವೆಲ್ ಕೊಳವೆಗಳ ಬುರುಜು, ಬೇಕಿಂಗ್ ಟ್ರೇ ಕಂದಕ. ಲೈಬ್ರರಿ ಪುಸ್ತಕ ನೋಡಿ ಮೇಘಾ ಹೇಳಿದಳು: ಕಂದಕದಲ್ಲಿ ನೀರು ನಿಲ್ಲಿಸಿದರೆ ಶತ್ರು ಗೋಡೆಯಡಿ ಸುರಂಗ ತೋಡಲಾರ, ಬುರುಜಿನ ಸುರುಳಿ ಮೆಟ್ಟಿಲು ಹತ್ತುವವನ ಬಲಗೈ ಕತ್ತಿ ನಡುಗಂಬಕ್ಕೆ ತಾಗುತ್ತದೆ. ನಾನು ದುರ್ಗದ್ದನ್ನು ಸೇರಿಸಿದೆ: ಅಲ್ಲಿ ಒಂದು ಬಾಗಿಲಿಗೆ ಇನ್ನೊಂದು ಎದುರಿಲ್ಲ, ದಾರಿ ತಿರುಗುತ್ತದೆ, ಆನೆಗೆ ಓಡಿಬಂದು ಗುದ್ದಲು ಜಾಗ ಸಿಗುವುದಿಲ್ಲ. ಎಷ್ಟೋ ಕೋಟೆಗಳು ಬಿದ್ದದ್ದು ಹಸಿವಿಗೆ, ಇಲ್ಲವೇ ಒಳಗಿನವರ ಕೈಯಿಂದ ಎಂದೂ ಹೇಳಿದೆ.

ಬಾಣದ ಕಿಂಡಿ ಹೊರಗೆ ಕಿರಿದು, ಒಳಗೆ ಅಗಲ. ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ದುರ್ಗದ ಅಂಥದೊಂದು ಕಿಂಡಿಯಲ್ಲಿ ನಾನು ಕೂರುತ್ತಿದ್ದೆ. ಕೆಳಗೆ ನಮ್ಮ ಮನೆಯ ಮಾಳಿಗೆ, ಅದರ ಮೇಲೆ ಹಪ್ಪಳ ತಿರುವಿಹಾಕುವ ಅಕ್ಕ. ಆ ಮಾಳಿಗೆ ಈಗ ಇಲ್ಲ. ಇದನ್ನೂ ಮೇಘಾಳಿಗೆ ಹೇಳಿದೆ.

"ಅತ್ತೆಗೆ ನೀನು ಕಾಣ್ತಿದ್ಯಾ?"

"ಇಲ್ಲ ಪುಟ್ಟ. ಅದಕ್ಕೇ ಅದು ಕಿಂಡಿ."

ಅವಳು ಗೋಡೆಯಲ್ಲಿ ಇನ್ನೊಂದು ಸೀಳು ಕೊರೆದಳು. "ಇದು ನಿಂದು" ಎಂದಳು. ನಾನು ಗ್ಯಾರೇಜಿನ ಸೂರು ನೋಡಿದೆ. ಕಣ್ಣಿಗೇನೋ ಬಿದ್ದಿತ್ತು.

ತಪ್ಪಾದದ್ದು ಅಂಟಿನಲ್ಲಿ. ಅವಳು ಗ್ಲೂ ಗನ್ ತಂದಳು. ನಾನು ಬೇಡವೆಂದೆ. ಗಾಳಿಪಟಕ್ಕೆ, ಪುಸ್ತಕದ ರಟ್ಟಿಗೆ ಮೈದಾ ಕಾಯಿಸಿ ಅಂಟು ಮಾಡಿದ ಕೈ ಇದು.

"ಏನ್ರೀ, ಗ್ಯಾರೇಜಲ್ಲಿ ಇರುವೆ ಇದೆ" ಎಂದಳು ಹೆಂಡತಿ ಸುಧಾ.

"ಕಂದಕ ಇದೆಯಲ್ಲ!" ಎಂದೆ. ಅದರಲ್ಲಿ ನೀರಿರಲಿಲ್ಲ.

ಭಾನುವಾರ ಬೆಳಗ್ಗೆ ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಗ್ಯಾರೇಜ್ ಬಾಗಿಲಡಿಯಿಂದ ಟೆಕ್ಸಸ್ಸಿನ ಕೆಂಪು ಇರುವೆಗಳ ಸಾಲು, ಒಣ ಕಂದಕ ದಾಟಿ, ಹೆಬ್ಬಾಗಿಲನ್ನು ಕಣ್ಣೆತ್ತಿಯೂ ನೋಡದೆ, ನೇರ ನನ್ನ ಕಿಂಡಿಯೊಳಗೆ. ಕಚ್ಚಿದ್ದು ಎರಡು ಬೆರಳಿಗೆ. ಗಾಬರಿಯಲ್ಲಿ ಹೋಸ್ ಪೈಪ್ ಹಿಡಿದು ನೀರು ಬಿಟ್ಟೆ. ಇರುವೆ ಹೋದವು. ಕೋಟೆಯೂ ಹೋಯಿತು.

ಮೇಘಾ ನೋಡಿ ಒಳಗೆ ನಡೆದಳು. ಕೋಣೆಯ ಬಾಗಿಲು ಮುಚ್ಚಿತು. ಬೈದಿದ್ದರೆ ಚೆನ್ನಾಗಿತ್ತು.

ಫೋನ್ ಕಾರ್ಡ್ ಉಜ್ಜಿ, ಅಡಗಿದ್ದ ನಂಬರ್ ಒತ್ತಿ ದುರ್ಗಕ್ಕೆ ಫೋನ್ ಮಾಡಿದೆ. ಅಕ್ಕ ಕೇಳಿದ್ದು ಒಂದೇ: "ಅಂಟಿಗೆ ಮೈಲುತುತ್ತ ಹಾಕಿದ್ಯೇನೋ?"

ಹುಳ ಮುಟ್ಟದಿರಲಿ ಎಂದು ಅಪ್ಪ ಚಿಟಿಕೆ ಹಾಕುತ್ತಿದ್ದ ಆ ನೀಲಿ ಹರಳು! ಮರೆತೇ ಹೋಗಿತ್ತು. "ಇಲ್ಲ" ಎಂದೆ.

"ಹಂಗಾದ್ರೆ ಇರುವೆನ ಊಟಕ್ಕೆ ಕರ್ದಂಗಾಯ್ತು ಬಿಡು."

ಸಂಜೆಯೊಳಗೆ ಮೇಘಾ ಒಬ್ಬಳೇ ಗ್ಲೂ ಗನ್ನಿನಿಂದ ಬೇರೆ ಕೋಟೆ ಕಟ್ಟಿದಳು. ನಾನು ಕಿಂಡಿಗಳನ್ನು ಎಣಿಸಲಿಲ್ಲ, ಧೈರ್ಯವಾಗಲಿಲ್ಲ. ಸೋಮವಾರ ಶಾಲೆಯಿಂದ ಬಂದವಳು ಬ್ಯಾಗ್ ಇಳಿಸಿ ವರದಿ ಒಪ್ಪಿಸಿದಳು: "ಇದು ಎರಡ್ನೇ ಕೋಟೆ ಅಂದಿದ್ಕೆ, ಮೊದಲ್ನೇದು ಹೆಂಗೆ ಬಿತ್ತು ಅಂತ ಟೀಚರ್ ಕೇಳಿದ್ರು. ಒಳಗಿನವ್ರೇ ಬೀಳಿಸಿದ್ರು, ನಮ್ಮಪ್ಪ ಅಂದೆ."

ಸುಧಾ ನಕ್ಕಳು. ನನಗೆ ಕೇಳಿಸಿದ್ದು ಬೇರೆ: ಇಡೀ ಮಾತು ಕನ್ನಡದಲ್ಲಿತ್ತು. ಇಷ್ಟಕ್ಕೆ ಇನ್ನೂ ಒಂದೆರಡು ಕೋಟೆ ಕೆಡವಲು ನಾನು ಸಿದ್ಧನಿದ್ದೆ.

ಮುಂದಿನ ತಿಂಗಳು ಜ್ವಾಲಾಮುಖಿಯ ಮಾದರಿ ಮಾಡಬೇಕೆಂದು ಸುಧಾಳಿಂದ ತಿಳಿಯಿತು. ಬಾಗಿಲು ಮುಚ್ಚಿತ್ತು. ಸಂದಿಗೆ ಬಾಯಿಟ್ಟು, "ಪುಟ್ಟ, ಏನಾದ್ರೂ ಅಂಟಿಸ್ಬೇಕಾ?" ಎಂದೆ.

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

"ಮೊದ್ಲು ಕೈ ತೋರ್ಸು. ಮೈದಾ ಇಲ್ಲ ತಾನೆ?"