ಮೂರನೇ ಕಿಟಕಿಯವರ ಕಿವಿ ಪರೀಕ್ಷೆ

ಐವತ್ತೊಂದು ವರ್ಷ ತುಂಬಿದ ಮನುಷ್ಯನಿಗೆ, ಹೋಗಿ ಮಾತಾಡುವುದನ್ನು ಕಲಿತು ಬಾ ಎಂದು ಕಚೇರಿಯ ಮೊಹರು ಒತ್ತಿದ ಆದೇಶ ಬಂದರೆ ಮೈ ಉರಿಯದೆ ಇರುತ್ತದೆಯೇ? ಮೂರನೇ ಕಿಟಕಿಯವರಿಗಂತೂ ಅಂಗಾಲಿನಿಂದ ನೆತ್ತಿಯವರೆಗೆ ಉರಿದಿತ್ತು. ಆದೇಶವನ್ನು ಕಚೇರಿಯಲ್ಲಿ ನಾಲ್ಕು ಸಲ, ಬಸ್ಸಿನಲ್ಲಿ ಎರಡು ಸಲ ಓದಿ, ಪ್ರತಿ ಸಲವೂ ಹೊಸದಾಗಿ ಉರಿದುಕೊಂಡು, ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಮೂಗಿನ ಕೆಳಗೆ ಅದನ್ನು ಹಿಡಿದರು.

"ನೋಡು ಇಲ್ಲಿ. ವಿಶ್ವವಿದ್ಯಾಲಯಕ್ಕೆ ಹೋಗಬೇಕಂತೆ ನಾನು. ಭಾಷೆ, ಸಂಸ್ಕೃತಿ ಮತ್ತು ಸಾಮಾಜಿಕ ಸಂವಹನ ಕೌಶಲ. ನಾಲ್ಕು ವಾರ, ಸಂಜೆ ಕ್ಲಾಸು. ಮೀನಿಗೆ ಈಜು ಕಲಿಸ್ತಾರಂತೆ."

ಹೆಂಡತಿ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಕಲಿತರೆ ತಪ್ಪೇನು ಎಂದಳು. ಆಮೇಲೆ, ಭಾನುವಾರ ಬೆಳಿಗ್ಗೆ ನಮ್ಮ ಅಣ್ಣ ಎಂದು ಏನೋ ಶುರು ಮಾಡಿದಳು. ನಿಮ್ಮ ಅಣ್ಣನ ವಿಷಯವೆಲ್ಲ ನನಗೆ ಗೊತ್ತು ಎಂದು ಇವರು ಕೈಕಾಲು ತೊಳೆಯಲು ಹೋದರು.

ಮೂರನೇ ಕಿಟಕಿ ಎಂಬ ಹೆಸರಿನ ಕಥೆ ಇಷ್ಟೇ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರು ಹತ್ತೊಂಬತ್ತು ವರ್ಷದಿಂದ ಮೂರನೇ ಕಿಟಕಿಯ ಹಿಂದೆ ಕೂತಿದ್ದರು. ಜನ ಅವರನ್ನು ಹಾಗೇ ಕರೆಯುತ್ತಿದ್ದರು, ಅವರಿಗೂ ಅದು ಬಿರುದಿನ ಹಾಗೆ ಒಗ್ಗಿಹೋಗಿತ್ತು. (ಹೆಂಡತಿಯ ಕಡೆಯವರು ಬರೀ 'ಕಿಟಕಿ' ಎನ್ನುತ್ತಿದ್ದರು, ಅದೂ ಅವರು ಎದುರಿಗಿಲ್ಲದಾಗ.) ಅವರ ವಿದ್ಯೆ ಏನೆಂದರೆ, ಕಿಟಕಿಯ ಮುಂದೆ ನಿಂತವನು ಬಾಯಿ ತೆರೆದ ರೀತಿಯಿಂದಲೇ ಅವನ ದೂರು ಯಾವುದೆಂದು ತಿಳಿದುಬಿಡುತ್ತಿತ್ತು. ನೀರು ಸಣ್ಣಗೆ ಬರುತ್ತಿದ್ದರೆ ಫಾರಂ ಏಳು, ಬರದೇ ಇದ್ದರೆ ಫಾರಂ ಒಂಬತ್ತು. ವಾಕ್ಯ ಮುಗಿಯುವಷ್ಟರಲ್ಲಿ ಫಾರಂ ಅವನ ಕೈಯಲ್ಲಿರುತ್ತಿತ್ತು. ಬೇರೆ ಕಿಟಕಿಗಳ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತಿದ್ದರೆ ಇವರ ಮುಂದೆ ನೊಣವೂ ಇರುತ್ತಿರಲಿಲ್ಲ.

ಇಂಥ ಮಹಾವಿದ್ಯೆಗೆ ಕಲ್ಲು ಹಾಕಿದವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಕೆ ಬಂದದ್ದು ದೂರು ಕೊಡಲಿಕ್ಕಲ್ಲ, ನೀರು ಈಗ ಚೆನ್ನಾಗಿ ಬರುತ್ತಿದೆ, ನಿಮಗೆಲ್ಲ ಥ್ಯಾಂಕ್ಸ್ ಎಂದು ಹೇಳಲಿಕ್ಕೆ. "ನಮ್ಮ ಮನೆಯ ನೀರು" ಎಂಬಷ್ಟು ಕಿವಿಗೆ ಬೀಳುತ್ತಲೇ ಇವರು ತಲೆ ಎತ್ತದೆ ಫಾರಂ ಒಂಬತ್ತನ್ನು ನೂಕಿದರು. ಕಚೇರಿ ಎಂದಮೇಲೆ ಕೃತಜ್ಞತೆಗೂ ಒಂದು ಫಾರಂ ಇರಬಹುದೆಂದುಕೊಂಡ ಆ ಸಾಧ್ವಿ ಅದನ್ನು ಶ್ರದ್ಧೆಯಿಂದ ತುಂಬಿ ಸಹಿ ಹಾಕಿ ಕೊಟ್ಟು ಹೋದರು. ಮೂರನೆಯ ದಿನ ಎಂಟು ಜನ ಆಳುಗಳು ಬಂದು ಆಕೆಯ ಗೇಟಿನ ಮುಂದೆ ಆಳೆತ್ತರದ ಗುಂಡಿ ತೋಡಿ, ಚೆನ್ನಾಗಿದ್ದ ಪೈಪನ್ನು ಹುಡುಕಿ ಒಡೆದರು. ಮುಖ್ಯೋಪಾಧ್ಯಾಯಿನಿ ಮೇಲಧಿಕಾರಿಗೆ ಒಂಬತ್ತು ಪುಟದ ಪತ್ರ ಬರೆದರು, ಒಂದು ಕಡೆಯೂ ಚಿತ್ತು ಮಾಡದೆ.

ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು. ಕೋರ್ಸು ಪಾಸು ಮಾಡಿ ಸರ್ಟಿಫಿಕೇಟು ತಂದರೆ ಕಿಟಕಿ ಉಳಿಯುತ್ತದೆ, ಇಲ್ಲವಾದರೆ ನೆಲಮಾಳಿಗೆಯ ಉಗ್ರಾಣ, ಅಲ್ಲಿ ಕೆಟ್ಟುಹೋದ ಮೀಟರುಗಳನ್ನು ಎಣಿಸಿಕೊಂಡು ಕೂತಿರಬೇಕು. ಆ ಉಗ್ರಾಣಕ್ಕೆ ಕಿಟಕಿಯೇ ಇಲ್ಲ. ಮೂರನೇ ಕಿಟಕಿಯವರೋ ಹತ್ತೊಂಬತ್ತು ವರ್ಷದಿಂದ ಕಿಟಕಿಯ ಚೌಕಟ್ಟಿನಲ್ಲಿ ಕೂತು ಊರನ್ನು ಆಳಿದವರು.

ಶುಕ್ರವಾರ ಸಂಜೆ ಹಲ್ಲು ಕಚ್ಚಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದರು. ಎರಡನೇ ಮಹಡಿ, ಕೊನೆಯ ಕೋಣೆ, ದುಂಡಗೆ ಜೋಡಿಸಿದ ಕುರ್ಚಿಗಳು. (ದುಂಡಗೆ ಕೂತರೆ ಹಿಂದಿನ ಬೆಂಚು ಎಲ್ಲಿಂದ ಬರಬೇಕು? ಮನುಷ್ಯ ತೂಕಡಿಸುವುದೆಲ್ಲಿ?) ಉಪನ್ಯಾಸಕಿ ಅವರ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಅಷ್ಟೇ. ನಿನ್ನೆ ಮೊನ್ನೆ ಕಣ್ಣು ಬಿಟ್ಟ ಆ ಹುಡುಗಿ, "ಕೇಳುವುದು ಬೇರೆ, ಆಲಿಸುವುದು ಬೇರೆ" ಎಂದು ಬೋರ್ಡಿನ ಮೇಲೆ ಬರೆದು, ಇವರನ್ನು ಒಬ್ಬ ದಂತವೈದ್ಯನ ಜೊತೆ ಜೋಡಿ ಹಾಕಿ, ಅವನು ತನ್ನ ಬಾಲ್ಯದ ಬಗ್ಗೆ ಎರಡು ನಿಮಿಷ ಹೇಳುವುದನ್ನು ಆಲಿಸಿ ಎಂದಳು. ಎಲ್ಲರ ಬಾಯಿ ತೆಗೆಸಿ ಯಾರಿಗೂ ಮಾತಾಡಲು ಬಿಡದ ವೃತ್ತಿಯವನು, ತನ್ನ ಸರದಿ ಬಂತೆಂದು ನದಿಯಂತೆ ಹರಿಯತೊಡಗಿದ. ಅರ್ಧ ನಿಮಿಷವಾಗುತ್ತಲೇ ಮೂರನೇ ಕಿಟಕಿಯವರ ಕೈ ತಾನಾಗಿ ಮೇಜಿನ ಮೇಲೆ ಫಾರಂ ಹುಡುಕಿತು.

ತರಗತಿ ಮುಗಿಯುವಾಗ ಮನೆಗೆಲಸ ಕೊಟ್ಟಳು. ಅದರ ಹೆಸರು ಆಲಿಸುವ ದಿನಚರಿ. ಸೋಮವಾರದಿಂದ ಇಪ್ಪತ್ತೊಂದು ದಿನ, ಮನೆಯ ಒಬ್ಬರು ನಿಮಗೆ ಏನು ಹೇಳಿದರು, ಅದರ ಆಶಯವೇನು, ನೀವು ಹೇಗೆ ಪ್ರತಿಕ್ರಿಯಿಸಿದಿರಿ ಎಂದು ದಿನವೂ ಬರೆಯಬೇಕು. ಇಪ್ಪತ್ತೆರಡನೆಯ ದಿನ ಮೌಖಿಕ ಪರೀಕ್ಷೆ, ಆ ಮನೆಯವರನ್ನೂ ಕರೆದುಕೊಂಡು ಬರಬೇಕು. ಮೂರನೇ ಕಿಟಕಿಯವರು ಹೆಂಡತಿಯ ಹೆಸರು ಬರೆಸಿದರು.

ಮನೆಗೆ ಬಂದು ಕೂಗಾಡಿದರು. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವನು, ಹೆಂಡತಿ ಏನು ಹೇಳುತ್ತಾಳೆಂದು ಕೇಳಿ ತಿಳಿಯಬೇಕೇ? ಅವಳು ಬಾಯಿ ತೆರೆಯುವ ಮೊದಲೇ ತನಗೆ ಗೊತ್ತು ಎಂದು ಮಗಳಿಗೆ ಹೇಳಿದರು. ಹೆಂಡತಿ ಅಂದೂ ಅಣ್ಣನ ವಿಷಯ ತೆಗೆದಳು, ಶನಿವಾರ ಎರಡು ಸಲ ತೆಗೆದಳು. ಪ್ರತಿ ಸಲವೂ ಇವರು "ಹೂಂ" ಎಂದರು. ಭಾನುವಾರ ಭಾವಮೈದುನ ಬೆಳಗಿನ ರೈಲಿಗೆ ಬಂದಿಳಿದು, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಇವರು ಕರೆದೊಯ್ಯಲು ಬರುತ್ತಾರೆಂದು ಸ್ಟೇಷನ್ನಿನ ಬೆಂಚಿನ ಮೇಲೆ ಎರಡೂವರೆ ಗಂಟೆ ಕಾದು, ಬಂದ ರೈಲಿನಲ್ಲೇ ವಾಪಸು ಹೋದರು. ತಪ್ಪು ತಮ್ಮದಲ್ಲ, ಯಾವತ್ತೂ ಮೂರು ಗಂಟೆ ತಡವಾಗುವ ರೈಲು ಅಂದೇ ಸರಿಯಾದ ಹೊತ್ತಿಗೆ ಬಂದದ್ದು ಎಂದು ಮೂರನೇ ಕಿಟಕಿಯವರು ವಿವರಿಸಿದರು. ಹೆಂಡತಿ ಸುಮ್ಮನೆ ಕೇಳಿಸಿಕೊಂಡಳು. ಆದ್ದರಿಂದ ವಿಷಯ ಅಲ್ಲಿಗೆ ಮುಗಿಯಿತೆಂದು ಅವರು ತಿಳಿದರು.

ಸೋಮವಾರ ಕಚೇರಿಯಲ್ಲಿ ಊಟದ ವಿರಾಮದಲ್ಲಿ ದಿನಚರಿ ಬಿಚ್ಚಿ ಕೂತರು. ಒಂದು ಕೈಯಲ್ಲಿ ತುತ್ತು, ಒಂದು ಕೈಯಲ್ಲಿ ಪೆನ್ನು. ಸೋಮವಾರದ್ದು ಬರೆದಾಯಿತು. ಪೆನ್ನು ಹೇಗೂ ಕೈಯಲ್ಲಿದೆ ಎಂದು ಮಂಗಳವಾರದ್ದೂ ಬರೆದರು. ಗುರುವಾರದ ಹೊತ್ತಿಗೆ ಅವರ ಹೆಂಡತಿ ದಿನಚರಿಯಲ್ಲಿ ಮುಂದಿನ ವಾರದ ಬುಧವಾರದವರೆಗೆ ಮಾತಾಡಿ ಮುಗಿಸಿದ್ದಳು. ನಡುನಡುವೆ ಸ್ವಲ್ಪ ಹೊಗಳಿಕೆಯನ್ನೂ ಸೇರಿಸಿದರು, ಯಾಕೆಂದರೆ ಅವಳು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ ಎಂದು ಅವರ ನಂಬಿಕೆ.

ಆ ಮೂರು ವಾರ ಮನೆ ಅಚ್ಚುಕಟ್ಟಾಗಿ ನಡೆಯಿತೆಂದೇ ಹೇಳಬೇಕು. ಮೂರನೇ ಕಿಟಕಿಯವರು ಮಾತಾಡಿದರು, ಹೊಲಿಗೆ ಯಂತ್ರ ಕಟಕಟ ಎಂದಿತು. ಹೆಂಡತಿಯ ತುಟಿಯಲ್ಲಿ ಯಾವಾಗಲೂ ಗುಂಡುಸೂಜಿ. ಶಾಲೆ ಶುರುವಾಗುವ ಕಾಲ, ಯೂನಿಫಾರ್ಮಿನ ಕೆಲಸ ಹೆಚ್ಚಿದೆ ಪಾಪ ಎಂದುಕೊಂಡರು. ಮಗಳು ಬಂದು, ಅಪ್ಪ, ಅಮ್ಮ ಊಟಕ್ಕೆ ಕರೀತಿದ್ದಾರೆ ಎನ್ನುತ್ತಿದ್ದಳು, ಅಪ್ಪ, ಅಮ್ಮ ಕೊಡೆ ತಗೊಂಡು ಹೋಗಬೇಕಂತೆ ಎನ್ನುತ್ತಿದ್ದಳು. ಹುಡುಗಿಗೆ ಈಗೀಗ ಜವಾಬ್ದಾರಿ ಬರುತ್ತಿದೆ ಎಂದು ಅವರು ಸಂತೋಷಪಟ್ಟರು. ಕೊನೆಯ ವಾರ ಪರೀಕ್ಷೆಯ ವಿಷಯ ಹೇಳಿ, ಸೋಮವಾರ ನಾಲ್ಕು ಗಂಟೆಗೆ ಬರಬೇಕು, ಎಲ್ಲದಕ್ಕೂ ಹೌದು ಅಂದರೆ ಸಾಕು, ನಿನ್ನ ಗಂಡನ ಕಿಟಕಿ ನಿನ್ನ ಕೈಯಲ್ಲಿದೆ ಎಂದು ತಾಕೀತು ಮಾಡಿದರು. ಹೆಂಡತಿ ಅವರ ಮುಖವನ್ನು ಬಹಳ ಹೊತ್ತು ನೋಡಿ ತಲೆಯಾಡಿಸಿದಳು.

ಪರೀಕ್ಷೆಗೆ ಉಪನ್ಯಾಸಕಿಯ ಪಕ್ಕದಲ್ಲಿ ವಿಭಾಗದ ಹಿರಿಯ ಪ್ರೊಫೆಸರರೂ ಕೂತಿದ್ದರು. ದಿನಚರಿಯನ್ನು ಇಬ್ಬರೂ ಮೊದಲೇ ಓದಿ ಮೆಚ್ಚಿಕೊಂಡಿದ್ದರು. ಮಾತು ಎಷ್ಟು ಸಹಜವಾಗಿದೆ, ಎದುರಿಗೇ ಕೂತು ಕೇಳಿದ ಹಾಗಿದೆ ಎಂದಳು ಉಪನ್ಯಾಸಕಿ. ಮೂರನೇ ಕಿಟಕಿಯವರು ವಿನಯದಿಂದ ಕತ್ತು ಬಗ್ಗಿಸಿದರು. ಅವಳು ಓದತೊಡಗಿದಳು.

"ಒಂಬತ್ತನೆಯ ದಿನ. 'ನಿಮ್ಮಂಥ ತಾಳ್ಮೆಯ ಮನುಷ್ಯ ಹುಡುಕಿದರೂ ಸಿಗುವುದಿಲ್ಲ' ಎಂದಳು. ಆಶಯ, ಕೃತಜ್ಞತೆ. ನನ್ನ ಪ್ರತಿಕ್ರಿಯೆ, ಮೌನ. ಹದಿನಾಲ್ಕನೆಯ ದಿನ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದಳು. ಆಶಯ, ಆತಂಕ. ನನ್ನ ಪ್ರತಿಕ್ರಿಯೆ, ಸಹಾನುಭೂತಿ." ಪುಟ ಮಡಚಿ ಹೆಂಡತಿಯ ಕಡೆ ತಿರುಗಿ, ಇದನ್ನೆಲ್ಲ ನೀವು ಹೇಳಿದ್ದು ಹೌದಾ ಎಂದು ಕೇಳಿದಳು.

ಹೌದು ಎನ್ನು, ಹೌದು ಎನ್ನು ಎಂದು ಮೂರನೇ ಕಿಟಕಿಯವರು ಕಣ್ಣಿನಲ್ಲೇ ಒತ್ತಿದರು. ಹೆಂಡತಿ ಗಂಟಲು ಸರಿಮಾಡಿಕೊಂಡಳು. ಅವಳು ಮಾತಾಡತೊಡಗಿದಾಗ, ಈ ದನಿಯನ್ನು ಕೇಳಿ ಬಹಳ ದಿನವಾದ ಹಾಗಿದೆಯಲ್ಲ ಎಂದು ಅವರಿಗೆ ಅನ್ನಿಸಿತು.

"ನಲ್ಲಿ ಸೋರ್ತಿರೋದು ನಿಜ ಮೇಡಮ್. ಅದನ್ನ ನಾನು ಹೇಳಿದ್ದು ಎರಡು ವರ್ಷದ ಹಿಂದೆ. ಈ ಇಪ್ಪತ್ತೊಂದು ದಿನದಲ್ಲಿ ನಾನು ಇವರ ಹತ್ತಿರ ಒಂದಕ್ಷರ ಮಾತಾಡಿಲ್ಲ. ಮಾತು ಬಿಟ್ಟಿದ್ದೀನಿ."

ಪ್ರೊಫೆಸರರು ಕನ್ನಡಕ ತೆಗೆದರು. ಪೂರಾ ಇಪ್ಪತ್ತೊಂದು ದಿನವೇ ಎಂದು ಉಪನ್ಯಾಸಕಿ ಕೇಳಿದಳು. ಪೂರಾ ಎಂದಳು ಹೆಂಡತಿ. ಕಾಲು ಮುರಿದುಕೊಂಡ ಅಣ್ಣ ಸ್ಟೇಷನ್ನಿನಲ್ಲಿ ಕೂತು ವಾಪಸು ಹೋದದ್ದನ್ನು ಹೇಳಿದಳು. ನಾಲ್ಕು ಸಲ ಹೇಳಿದ್ದೆ, ಒಂದು ಸಲ ಗೊತ್ತು ಅಂದಿದ್ದರು, ಮೂರು ಸಲ ಹೂಂ ಅಂದಿದ್ದರು ಎಂದಳು.

"ಮೊದಲು ಸಿಟ್ಟಿತ್ತು. ಇವರಿಗೆ ಗೊತ್ತಾದ ದಿನ ಮಾತಾಡಿದರಾಯ್ತು ಅಂತ ಕಾದೆ. ಹತ್ತು ದಿನ ಆಯ್ತು, ಹದಿನೈದು ಆಯ್ತು. ಆಮೇಲೆ ಸಿಟ್ಟು ಹೋಗಿ ಬೇಜಾರು ಉಳೀತು. ಇಷ್ಟು ವರ್ಷ ನಾನು ಮಾತಾಡಿದ್ದೂ ಒಂದೇ, ಆಡದೇ ಇದ್ದದ್ದೂ ಒಂದೇ ಆಗಿತ್ತಲ್ಲ ಅಂತ."

ಮೂರನೇ ಕಿಟಕಿಯವರು ಎದ್ದು ನಿಂತು, ಇದು ಅನ್ಯಾಯ, ಬರೆದದ್ದರಲ್ಲಿ ಒಂದಾದರೂ ಅವಳು ಹೇಳುವಂಥ ಮಾತಲ್ಲದಿದ್ದರೆ ತೋರಿಸಿ ಎಂದು ವಾದಿಸಿದರು. ಉಪನ್ಯಾಸಕಿ ಒಂಬತ್ತನೆಯ ದಿನದ ಪುಟ ತೋರಿಸಿದಳು. ತಮ್ಮ ಮೂವತ್ತು ವರ್ಷದ ಅಧ್ಯಾಪನದಲ್ಲಿ ಇಂಥ ಕಲ್ಪನಾಶಕ್ತಿ ಕಂಡಿಲ್ಲ, ಪಕ್ಕದ ಕೋಣೆಯಲ್ಲಿ ಕಥೆ ಬರೆಯುವುದನ್ನು ಕಲಿಸುತ್ತಾರೆ, ಇವರು ಅಲ್ಲಿಗೆ ಸೇರಬಹುದಿತ್ತು ಎಂದರು ಪ್ರೊಫೆಸರರು. ಹಾಗೆಂದು ದಿನಚರಿಯ ಕೊನೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ತೀರ್ಪು ಬರೆದರು. ಕೋರ್ಸನ್ನು ಮುಂದಿನ ಅವಧಿಯಲ್ಲಿ ಮೊದಲಿನಿಂದ ಮಾಡಬೇಕು, ಅಲ್ಲಿಯವರೆಗೆ ಸಾರ್ವಜನಿಕರ ಎದುರು ಕೂರಿಸಕೂಡದು. ಅಂದರೆ ನೆಲಮಾಳಿಗೆ. ಕೆಟ್ಟ ಮೀಟರುಗಳು.

ಮೆಟ್ಟಿಲಿಳಿಯುವಾಗ ಮೂರನೇ ಕಿಟಕಿಯವರಿಗೆ ಮತ್ತೆ ಅಂಗಾಲಿನಿಂದ ಉರಿ ಏರಿತು. ಹತ್ತೊಂಬತ್ತು ವರ್ಷದ ಕಿಟಕಿ ಹೋಗಿತ್ತು, ಅದೂ ಸ್ವಂತ ಹೆಂಡತಿಯ ಬಾಯಿಂದ. ಇಪ್ಪತ್ತೊಂದು ದಿನ ಮುಚ್ಚಿಕೊಂಡಿದ್ದ ಬಾಯಿಗೆ ಇನ್ನೊಂದು ಐದು ನಿಮಿಷ ಮುಚ್ಚಿಕೊಂಡಿರಲು ಆಗಲಿಲ್ಲವೇ? ಒಂದನೇ ಮಹಡಿಯ ತಿರುವಿನಲ್ಲಿ ಅವರು ತಡೆಯಲಾರದೆ ನಿಂತುಬಿಟ್ಟರು.

"ಅಲ್ಲ ಕಣೆ, ಗಂಡನ ಮಾನ ತೆಗೆಯೋಕೆ ಮುಂಚೆ, ಮಾತು ಬಿಡ್ತಿದ್ದೀನಿ ಅಂತ ಒಂದು ಮಾತು ನನಗೆ ಹೇಳಬಾರದಿತ್ತಾ?"

ಹೆಂಡತಿಯೂ ಎರಡು ಮೆಟ್ಟಿಲು ಕೆಳಗೆ ನಿಂತಳು.

"ಹೇಳಿದ್ದೆ," ಎಂದಳು. "ಅಣ್ಣ ವಾಪಸು ಹೋದ ಮರುದಿನ ಬೆಳಿಗ್ಗೆ ನೀವು ಚಪ್ಪಲಿ ಹಾಕ್ಕೋತಿದ್ದಾಗ ಎದುರಿಗೇ ನಿಂತು, ಇವತ್ತಿಂದ ನಿಮ್ಮ ಹತ್ತಿರ ಮಾತಾಡಲ್ಲ ಅಂದೆ. ಆಯ್ತು, ಸಂಜೆ ಬರ್ತಾ ತರ್ತೀನಿ ಅಂದ್ರಿ. ತಂದೂ ಕೊಟ್ರಿ, ಎರಡು ಸೋಪು."