ಮೊದಲ ಹಾಳೆಯ ಮೊದಲ ಸಹಿ

ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದಾಗ ಟಪಾಲು ಗುಮಾಸ್ತರ ಅರ್ಧ ಗಡ್ಡವಷ್ಟೇ ಹೋಗಿತ್ತು. ಇನ್ನರ್ಧ ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡೇ ಬಾಗಿಲು ತೆರೆದರು. ನಿವೃತ್ತ ಹೆಡ್‌ಮೇಷ್ಟ್ರು ಹಾಳೆಗಳ ಕಟ್ಟು ಹಿಡಿದು ನಿಂತಿದ್ದರು. ಅವರ ಹಿಂದೆ ಕೆಳಮನೆಯ ಲಿಫ್ಟಣ್ಣ. ಅವನ ಎಡಗೆನ್ನೆ ಇನ್ನೂ ಊದಿಕೊಂಡಿತ್ತು.

ಲಿಫ್ಟಣ್ಣ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟು ನಡೆಸುವವನು. ಮೂರು ದಿನದ ಹಿಂದೆ ಹಿರಿಯ ಮಂತ್ರಿಗಳು ಯಾರನ್ನೋ ನೋಡಲು ಅಲ್ಲಿಗೆ ಹೋಗಿದ್ದರು. ಲಿಫ್ಟಿನೊಳಗೆ ಸ್ಟ್ರೆಚರಿನ ಮೇಲೆ ಒಬ್ಬ ಮುದುಕಿ ಮಲಗಿದ್ದಳು. "ಈ ತಾಯೀನ ಮೇಲೆ ಬಿಟ್ಟು ಬರ್ತೀನಿ ಸಾರ್, ಒಂದೇ ನಿಮಿಷ" ಅಂದದ್ದೇ ತಪ್ಪಾಯಿತು. ಮಂತ್ರಿಗಳ ಕೈ ಎದ್ದಿತು. ಅದನ್ನು ಲಿಫ್ಟಿನ ಮೂಲೆಯ ಕ್ಯಾಮೆರಾ ಕಂಡಿತು. ಸಂಜೆಯೊಳಗೆ ಊರೆಲ್ಲ ಕಂಡಿತು. ಅಂದಿನಿಂದ ಬೀದಿಬೀದಿಯಲ್ಲಿ ಒಂದೇ ಕೂಗು, ರಾಜೀನಾಮೆ.

"ನಾನೂರು ಸಹಿ ಆಗಿದೆ," ಅಂದರು ಹೆಡ್‌ಮೇಷ್ಟ್ರು. "ಮೊದಲ ಹಾಳೇಲಿ ನಮ್ಮ ಬೇಡಿಕೆ ನಾನೇ ಕೈಯಾರೆ ಬರ್ದಿದ್ದೀನಿ. ಅದರ ಕೆಳಗೆ ಮೊದಲ ಸಾಲು ನಿಮಗೇ ಅಂತ ಬಿಟ್ಟಿದ್ದೀವಿ. ಕಟ್ಟಡಕ್ಕೆ ಹಿರಿಯರು ನೀವು."

"ಮೇಷ್ಟ್ರೇ, ನಾನಿರೋದೇ ಆ ಮಂತ್ರಿಗಳ ಕಚೇರೀಲಿ. ಕೆಲಸ ಮುಗಿಯೋಕೆ ಇನ್ನು ನಾಲ್ಕೇ ತಿಂಗಳು. ಈಗ ಹೋದ್ರೆ ಪಿಂಚಣಿ ಗತಿ?"

"ಇದು ಹೋಗೋದು ಅವರಿಗಿಂತ ಮೇಲಿನವರ ಹತ್ರ. ನಿಮ್ಮ ಕಚೇರಿ ಕಡೆ ತಲೆನೂ ಹಾಕಲ್ಲ."

"ಬಿಡಿ ಮೇಷ್ಟ್ರೇ, ಅವರಿಗೆ ತೊಂದ್ರೆ ಆಗೋದು ಬೇಡ," ಅಂದ ಲಿಫ್ಟಣ್ಣ.

ಆ ಮೆತ್ತನೆಯ ಮಾತೇ ಗುಮಾಸ್ತರನ್ನು ಕೆಡವಿತು. ಹೋದ ವರ್ಷ ಹೆಂಡತಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಾಗ ದಿನಾ ಬುತ್ತಿ ಮುಟ್ಟಿಸಿದವನು ಇವನೇ. ದೇವರು ಮೇಲಿದ್ದಾನೆ ಎಂದುಕೊಂಡು ಪೆನ್ನು ತೆಗೆದರು. ಸಹಿ ಹಾಕಿ ನಿಲ್ಲಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷ ಟಪಾಲು ಪಡೆದ ಕೈ ಅದು. ಗಾಣದೆತ್ತಿನ ಹಾಗೆ ತನ್ನ ಸುತ್ತು ಮುಗಿಸಿಯೇ ನಿಂತಿತು. ಸಹಿ, ದಿನಾಂಕ, ಅದರ ಕೆಳಗೆ ದುಂಡಗೆ: ಟಪಾಲು ಗುಮಾಸ್ತ, ಮಂತ್ರಿಗಳ ಕಚೇರಿ.

ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯ ಗೇಟಿನಲ್ಲಿ ಗದ್ದಲವೆದ್ದಿತು. ಮೇಲಿನವರ ಬಾಗಿಲಲ್ಲಿ ಪೊಲೀಸರು ತಡೆದಿದ್ದರಂತೆ. ಮೆರವಣಿಗೆ ಇತ್ತ ತಿರುಗಿತ್ತು. ಹೆಡ್‌ಮೇಷ್ಟ್ರು ಟಪಾಲು ಕೋಣೆಯ ಕಿಟಕಿಯೊಳಗೆ ಕಟ್ಟು ತೂರಿಸಿದರು.

"ಏನು ಮೇಷ್ಟ್ರೇ ಇದು, ಇಲ್ಲಿಗೇ ತಂದ್ರಲ್ಲ," ಗುಮಾಸ್ತರು ದನಿ ತಗ್ಗಿಸಿದರು.

"ಎಲ್ಲಿ ಕೊಟ್ರೇನು, ಬೇಡಿಕೆ ಬೇಡಿಕೆನೇ. ರಸೀದಿ ಕೊಡಿ. ಹಾಳೆ ಎಷ್ಟು ಅಂತ ಬರೆಯಲ್ವೆ?"

"ಆಮೇಲೆ ಎಣಿಸ್ತೀನಿ, ಹೋಗಿ."

ಕಟ್ಟನ್ನು ಮೇಜಿನಡಿ ಸರಿಸುವಷ್ಟರಲ್ಲಿ ಆಪ್ತ ಕಾರ್ಯದರ್ಶಿ ಬಂದು ನಿಂತರು. ಆ ಮನುಷ್ಯನಿಗೆ ಬೆಕ್ಕಿನ ನಡಿಗೆ. ಬಂದದ್ದು ಗೊತ್ತಾಗುತ್ತಿದ್ದುದೇ ಮಾತಾಡಿದಾಗ.

"ಸಾಹೇಬರು ಕರೀತಿದ್ದಾರೆ. ಕಟ್ಟು ತಗೊಂಡು ಬರ್ಬೇಕಂತೆ. ಸರ್ಕಾರಿ ನೌಕರ ಒಬ್ಬನಾದ್ರೂ ಇದ್ರಲ್ಲಿ ಸಿಕ್ಕಿದ್ರೆ ಇವತ್ತೇ ಮನೆಗೆ ಕಳಿಸ್ತಾರಂತೆ."

ಟಪಾಲು ಕೋಣೆಯಿಂದ ಮಂತ್ರಿಗಳ ಕೋಣೆಗೆ ಅರವತ್ತು ಹೆಜ್ಜೆ. ಕಾರ್ಯದರ್ಶಿ ಮುಂದೆ, ಗುಮಾಸ್ತರು ಹಿಂದೆ. ಹತ್ತನೆಯ ಹೆಜ್ಜೆಗೆ ದಾರದ ಗಂಟು ಸಡಿಲಿಸಿದರು. ಇಪ್ಪತ್ತಕ್ಕೆ ಮೊದಲ ಹಾಳೆ ಎಳೆದರು, ಅದು ಬರಲಿಲ್ಲ. ನಲವತ್ತಕ್ಕೆ ಜೋರಾಗಿ ಕೆಮ್ಮಿದರು, ಆ ಕೆಮ್ಮಿನಡಿ ಹಾಳೆ ಪರ್ರನೆ ಕಿತ್ತುಬಂತು.

"ಏನ್ರೀ ಅದು?" ಕಾರ್ಯದರ್ಶಿ ತಿರುಗಿದರು.

"ಕಫ ಸಾರ್."

ಹಾಳೆ ನಾಲ್ಕು ಮಡಿಕೆಯಾಗಿ ಅಂಗಿಯ ಒಳಜೇಬು ಸೇರಿತು.

ಮಂತ್ರಿಗಳು ಕುರ್ಚಿಯಲ್ಲಿ ಕೂತಿರಲಿಲ್ಲ. ಸಂಜೆಯೊಳಗೆ ಏನಾದರೂ ತೀರ್ಮಾನಿಸಿ ಎಂದು ಮೇಲಿನಿಂದ ಫೋನು ಬಂದಿತ್ತು. "ಓದಿ," ಅಂದರು. ಗುಮಾಸ್ತರು ಹೆಸರು ಹೆಸರಾಗಿ ಓದಿದರು. ಹಾಲಿನವಳು, ದರ್ಜಿ, ಮೂರು ಜನ ಡ್ರೈವರುಗಳು. ಒಳಜೇಬಿನ ಹಾಳೆ ಪ್ರತಿ ಉಸಿರಿಗೂ ಸರಸರ ಎನ್ನುತ್ತಿತ್ತು.

"ಎಲ್ಲ ಸರಿ, ಇವರಿಗೆ ಬೇಕಾಗಿರೋದೇನು? ಅದನ್ನ ಓದ್ರೀ."

ಗುಮಾಸ್ತರ ಬೆನ್ನಲ್ಲಿ ಬೆವರಿಳಿಯಿತು. ಹೆಸರು ಮುಚ್ಚುವ ಆತುರದಲ್ಲಿ ಬೇಡಿಕೆಯೂ ಜೇಬು ಸೇರಿದ್ದು ಆಗ ಹೊಳೆಯಿತು. ಕಾರ್ಯದರ್ಶಿ ಕಟ್ಟು ಕಸಿದುಕೊಂಡು ತಿರುವಿ ಹಾಕಿದರು. ಅವರ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ಬೇಡಿಕೆನೇ ಇಲ್ಲ ಸಾರ್. ಬರೀ ನಾನೂರು ಸಹಿ. ಇವರಿಗೆ ಏನು ಬೇಕು ಅನ್ನೋದನ್ನ ಇನ್ನು ನಾವೇ ಬರೀಬಹುದು."

ಹತ್ತು ನಿಮಿಷದಲ್ಲಿ ಹೊಸ ಮೊದಲ ಹಾಳೆ ಟೈಪಾಗಿ ಬಂತು. ಜನಪ್ರಿಯ ಮಂತ್ರಿಗಳು ಯಾವ ಕಾರಣಕ್ಕೂ ರಾಜೀನಾಮೆ ಕೊಡಬಾರದೆಂದು ಕೆಳಗೆ ಸಹಿ ಮಾಡಿದ ನಾಗರಿಕರು ಕೈಮುಗಿದು ಬೇಡಿಕೊಂಡಿದ್ದರು.

"ಮೊದಲ ಹಾಳೆ ಬೋಳು ಕಾಣತ್ತೆ," ಅಂದರು ಮಂತ್ರಿಗಳು. "ಒಂದು ಸಹಿಯಾದ್ರೂ ಬೇಡ್ವೆ?"

ಇಬ್ಬರೂ ಗುಮಾಸ್ತರನ್ನು ನೋಡಿದರು.

"ಸಾರ್, ನಾನು ಸರ್ಕಾರಿ ನೌಕರ..."

"ಬೈಯೋರ ಜೊತೆ ಸೇರಿದ್ರೆ ತಪ್ಪು ಕಣ್ರೀ. ಹೊಗಳೋಕೇನು? ಹಾಕಿ."

ಜೇಬಿನ ಹಾಳೆ ಸರಸರ ಎಂದಿತು. ನಾಲ್ಕು ತಿಂಗಳು, ಎಂದುಕೊಂಡರು ಗುಮಾಸ್ತರು. ಸಹಿ ಬಿತ್ತು. ಹಿಂದೆಯೇ ದಿನಾಂಕ, ಹುದ್ದೆ.

ಸಂಜೆ ಆರಕ್ಕೆ ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿ ಕೂತರು. ಟಿವಿಯಲ್ಲಿ ಮಂತ್ರಿಗಳು ಕಣ್ಣೊರೆಸಿಕೊಳ್ಳುತ್ತ, ಜನರ ಒತ್ತಾಯಕ್ಕೆ ಮಣಿದು ಉಳಿದುಕೊಂಡಿದ್ದೇನೆ ಎನ್ನುತ್ತಿದ್ದರು. ಅವರ ಪಕ್ಕದಲ್ಲಿ ಹಲಗೆಯಷ್ಟು ದೊಡ್ಡದಾಗಿ ಆ ಟೈಪಾದ ಹಾಳೆ, ಅದರಡಿ ಗುಮಾಸ್ತರ ಸಹಿ. ಓದಲಾರದವರೂ ಓದುವಷ್ಟು ದುಂಡಗಿತ್ತು.

ಎಂಟಕ್ಕೆ ಬಾಗಿಲು ತಟ್ಟುವ ಸದ್ದಾಯಿತು. ಹೆಡ್‌ಮೇಷ್ಟ್ರು, ಅವರ ಹಿಂದೆ ಲಿಫ್ಟಣ್ಣ, ಅವನ ಹಿಂದೆ ಮೆಟ್ಟಿಲ ತುಂಬ ಕಟ್ಟಡದವರು.

"ನಾನು ಬರೆದ ಹಾಳೆ ಎಲ್ಲಿ?" ಅಂದರು ಹೆಡ್‌ಮೇಷ್ಟ್ರು.

ಲಿಫ್ಟಣ್ಣ ಊದಿದ ಕೆನ್ನೆಯನ್ನು ಅತ್ತ ತಿರುಗಿಸಿಕೊಂಡ. ಗುಮಾಸ್ತರಿಗೆ ಮೂವತ್ತನಾಲ್ಕು ವರ್ಷ ಬಾರದ ಧೈರ್ಯ ಆಗ ಬಂತು. ಪಿಂಚಣಿ ಹೋದರೆ ಹೋಗಲಿ.

"ಇದೆ. ಭದ್ರವಾಗಿದೆ. ಈಗಲೇ ತರ್ತೀನಿ, ನಾಳೆ ಎಲ್ಲರಿಗೂ ತೋರಿಸೋಣ," ಎಂದು ಒಳಗೋಡಿದರು. ಗೂಟ ಖಾಲಿಯಾಗಿತ್ತು.

"ಏನೇ, ನನ್ನ ಅಂಗಿ ಎಲ್ಲಿ?"

"ಬೆವರು ನಾರ್ತಿತ್ತು. ಸೋಪಿನ ನೀರಲ್ಲಿ ಹಾಕಿದೀನಿ," ಅಂದಳು ಹೆಂಡತಿ ಬಚ್ಚಲಿನಿಂದ. "ಜೇಬಲ್ಲಿ ಪೆನ್ನೇನಾದ್ರೂ ಬಿಟ್ಟಿದ್ರಾ? ನೀರೆಲ್ಲ ನೀಲಿ ಆಗೋಗಿದೆ."

ಗುಮಾಸ್ತರು ಬಕೆಟ್ಟಿನಿಂದ ಹಿಡಿ ಮುದ್ದೆಯೊಂದನ್ನು ತಂದು ಚಾಚಿದರು. ಅಂಬಲಿಯಂತಿದ್ದ ಅದು ಬೆರಳ ಸಂದಿಯಿಂದ ಸೋರಿ ಹೊಸ್ತಿಲ ಮೇಲೆ ಬಿತ್ತು. ಹೆಡ್‌ಮೇಷ್ಟ್ರು ಅದನ್ನೂ ಗುಮಾಸ್ತರನ್ನೂ ನೋಡಿ, ಕಂಕುಳಿನಿಂದ ಬೇರೊಂದು ಕಾಗದ ತೆಗೆದರು.

ನೆರೆಯವನ ಕೆನ್ನೆಯನ್ನು ಮಂತ್ರಿಗೆ ಮಾರಿಕೊಂಡ ಟಪಾಲು ಗುಮಾಸ್ತರು ಕೂಡಲೇ ರಾಜೀನಾಮೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಮೊದಲ ಸಹಿ ಲಿಫ್ಟಣ್ಣನದು.

"ಇದು ನಿಮ್ಮ ಕಚೇರಿಗೆ ಸೇರಬೇಕಾದ್ದು," ಅಂದರು ಹೆಡ್‌ಮೇಷ್ಟ್ರು. "ಅಲ್ಲಿ ಟಪಾಲು ತಗೊಳ್ಳೋರು ನೀವೇ ತಾನೆ? ತಗೊಳ್ಳಿ."

ಗುಮಾಸ್ತರು ಒದ್ದೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಪೆನ್ನು ಹಿಡಿದರು. ಕೈ ತಾನಾಗಿ ನಡೆಯಿತು. ಸ್ವೀಕರಿಸಲಾಗಿದೆ, ಸಹಿ, ದಿನಾಂಕ, ಹುದ್ದೆ.

"ಹಾಳೆ ಎಷ್ಟು ಅಂತಲೂ ಬರೀರಿ," ಅಂದ ಲಿಫ್ಟಣ್ಣ, ಬೆಳಗಿನಷ್ಟೇ ಮೆತ್ತಗೆ.

ಗುಮಾಸ್ತರು ಎಣಿಸಿ ಬರೆದರು: ಒಂದು.